ಮುತ್ತು, ಪಟ್ಟಿ ಮತ್ತು ಚೌಡಿಕೆ: ಬೆಳಗಾವಿ ಗಡಿಭಾಗದ ದೇವದಾಸಿ ಪುನರ್ವಸತಿಯಲ್ಲಿ ಸಮಾಜಕಾರ್ಯದ ವೃತ್ತಿಪಾತ್ರಗಳು

ಭಾರತದಲ್ಲಿ ಸಮಾಜಕಾರ್ಯವು ಒಂದು ವೃತ್ತಿಯಾಗಿ, ಅಧ್ಯಯನ ಶಿಸ್ತಾಗಿ ರೂಪುಗೊಂಡ ಚರಿತ್ರೆಯನ್ನು 1936ರಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಸ್ಥಾಪನೆಯಾಯಿತು. 1944ರಲ್ಲಿ ಅದೇ ಟಾಟಾ ಸಮಾಜವಿಜ್ಞಾನಗಳ ಸಂಸ್ಥೆ ಎಂಬ ಹೆಸರು ಪಡೆಯಿತು. ಶಾಲೆಯ ಮೊದಲ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದಕ್ಕೂ ಮುನ್ನ ಅದೇ ನಗರದ ನಾಗಪಾಡಾದಲ್ಲಿ ನೆರೆಹೊರೆಯ ಸೇವಾಕೇಂದ್ರವೊಂದನ್ನು ನಡೆಸುತ್ತಿದ್ದ ಅಮೆರಿಕದ ಮಿಶನರಿ. ಪಠ್ಯಪುಸ್ತಕಗಳು ಇಷ್ಟನ್ನು ಹೇಳಿ ಮುಂದೆ ಸಾಗುತ್ತವೆ. ಆದರೆ ನಾಗಪಾಡಾಕ್ಕೆ ಹೊಂದಿಕೊಂಡ ಬಡಾವಣೆ ಕಾಮಾಠಿಪುರ ಎಂಬುದು ಇಲ್ಲಿ ಗಮನಾರ್ಹ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಯಿಂದ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ಕೊನೆಗೆ ಹೋಗಿ ಸೇರುತ್ತಿದ್ದುದು ಆ ಬೀದಿಗಳನ್ನೇ. ಸಮಾಜಕಾರ್ಯ ಶಿಕ್ಷಣ ಆರಂಭವಾದ 1936ರ ಜೂನ್ 16ರಂದೇ ಡಾ. ಬಿ.ಆರ್. ಅಂಬೇಡ್ಕರ್ ಅವರು ಮುಂಬಯಿಯ ದಾಮೋದರ ಸಭಾಂಗಣದಲ್ಲಿ ದೇವದಾಸಿ, ಜೋಗತಿ, ಪೋತರಾಜ, ವಾಘ್ಯಾ ಸಮುದಾಯಗಳನ್ನು ಉದ್ದೇಶಿಸಿ ಮಾತನಾಡಿ, ಈ ವೃತ್ತಿಯನ್ನು ತೊರೆಯುವಂತೆ ಕರೆ ಕೊಟ್ಟರು. ಹನ್ನೊಂದು ವರ್ಷಗಳ ಹಿಂದೆ, 1925ರ ಏಪ್ರಿಲ್‌ನಲ್ಲಿ, ಅವರು ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿಗೂ ಬಂದಿದ್ದರು. ಹೀಗೆ ಈ ಸೀಮೆಗೂ ಸಮಾಜಕಾರ್ಯವೆಂಬ ವೃತ್ತಿಗೂ ನಡುವಿನ ಸಂಬಂಧವು ಪಠ್ಯಗಳು ತೋರಿಸುವುದಕ್ಕಿಂತ ಹತ್ತಿರದ್ದು.

ಪ್ರಸ್ತುತ ಲೇಖನವು ಆ ಸಂಬಂಧದ ಈಚಿನ ಅಧ್ಯಾಯವನ್ನು ಜಾನಪದ ಅಧ್ಯಯನದ ನೆಲೆಯಿಂದ ನೋಡುತ್ತದೆ. ದೇವದಾಸಿ ಪದ್ಧತಿಯ ಮೂಲ, ಅದರ ಪ್ರಾಚೀನತೆ, ಶಾಸನಗಳಲ್ಲಿನ ಉಲ್ಲೇಖಗಳು ಇವು ಈಗಾಗಲೇ ಸಾಕಷ್ಟು ಚರ್ಚೆಗೊಳಗಾಗಿವೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಕಾಯಿದೆ ಬಂದ ಮೇಲೆ, ಆಗಲೇ ಮುತ್ತು ಕಟ್ಟಿಸಿಕೊಂಡಿದ್ದ ಹೆಣ್ಣಿನ ಮನೆಯ ಬಾಗಿಲಿಗೆ ಸರಕಾರದ ಪರವಾಗಿಯೋ ಸಂಸ್ಥೆಯ ಪರವಾಗಿಯೋ ಬಂದು ನಿಂತ ಕಾರ್ಯಕರ್ತರು ಮಾಡಬೇಕಾಗಿ ಬಂದ ಕೆಲಸವೇನು? ಸಮಾಜಕಾರ್ಯದ ಪಠ್ಯಗಳು ಸಂಘಟಕ, ಶಿಕ್ಷಕ, ಮಧ್ಯಸ್ಥ, ಪ್ರತಿಪಾದಕ, ಆಪ್ತಸಮಾಲೋಚಕ ಎಂದು ವೃತ್ತಿಪಾತ್ರಗಳನ್ನು ಹೆಸರಿಸುತ್ತವೆ. ಈ ಗಡಿಭಾಗದಲ್ಲಿ ಇವೆಲ್ಲಕ್ಕೂ ಮೊದಲು ಬೇಕಾದದ್ದು ಅರ್ಥ ಹೇಳುವವರ ಪಾತ್ರ. ಆಚರಣೆಯ ಮಾತನ್ನು ಕಚೇರಿಗೂ, ಕಚೇರಿಯ ಮಾತನ್ನು ಆಚರಣೆಯೊಳಗೆ ಬದುಕುವವರಿಗೂ ತಿಳಿಯಹೇಳುವ ಈ ಪಾತ್ರಕ್ಕೆ ಪಠ್ಯಗಳಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ.

ಗಡಿಯ ಊರು

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಕೊಲ್ಲಾಪುರದಿಂದ ದಕ್ಷಿಣಕ್ಕೆ ಬರುವವರಿಗೆ ಕಾಗಲ್ ದಾಟಿ ದೂಧಗಂಗೆಯ ಸೇತುವೆ ಕಳೆದ ಮೇಲೆ ಎದುರಾಗುವ ಕರ್ನಾಟಕದ ತಪಾಸಣಾ ಠಾಣೆ ಕೊಗನೊಳ್ಳಿಯದು. 1956ರ ಪುನರ್ವಿಂಗಡಣೆಯವರೆಗೆ ಈ ಭಾಗ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಮೊದಲು ಚಿಕ್ಕೋಡಿ ತಾಲೂಕಿನಲ್ಲಿದ್ದ ಊರು ಈಗ ನಿಪ್ಪಾಣಿ ತಾಲೂಕಿನಲ್ಲಿದೆ. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಇಲ್ಲಿಯ ಹಲವು ಕುಟುಂಬಗಳ ನಿತ್ಯದ ಸ್ಥಿತಿ. ಸಮೀಪದ ಕುರ್ಲಿ–ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಯಾತ್ರೆಯಲ್ಲಿ ಭಾಕಣೂಕ ಕೇಳಲು ಸೇರುವ ಜನ ಎರಡೂ ರಾಜ್ಯದವರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಅಥಣಿ ತಾಲೂಕಿನ ಕೊಕಟನೂರಿನ ಎಲ್ಲಮ್ಮನಿಗೆ ನಡೆದುಕೊಳ್ಳುವವರಲ್ಲಿ ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳವರ ಪಾಲು ದೊಡ್ಡದು. ದೇವಿಗೆ ಗಡಿಯಿಲ್ಲ. ಕಾಯಿದೆಗೆ ಮಾತ್ರ ಅದು ಉಂಟು.

ಈ ವ್ಯತ್ಯಾಸ ಕೇವಲ ಅಲಂಕಾರದ ಮಾತಲ್ಲ. ಮುಂಬಯಿ ಪ್ರಾಂತದ ದೇವದಾಸಿ ಸಂರಕ್ಷಣಾ ಕಾಯಿದೆ 1934ರಲ್ಲಿಯೇ ಬಂದಿತ್ತು. ಬೆಳಗಾವಿ ಜಿಲ್ಲೆಗೂ ಅದು ಅನ್ವಯಿಸುತ್ತಿತ್ತು. ಹಳೆಯ ಮೈಸೂರು ಸಂಸ್ಥಾನವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತಾದರೂ ಅದು ದೇವಾಲಯದ ಸೇವೆಗೆ ಸಂಬಂಧಿಸಿದ ಕ್ರಮ. ಉತ್ತರ ಕರ್ನಾಟಕದ ಜೋಗತಿ ದೇವಾಲಯದ ನೌಕರಳಾಗಿರಲಿಲ್ಲ. ಅವಳದು ಊರಿಗೆ, ಓಣಿಗೆ, ಮನೆತನಕ್ಕೆ ಸೇರಿದ ಬಾಳು. ಅದನ್ನು ಮುಟ್ಟಲು ಮುಜರಾಯಿ ಆದೇಶದಿಂದ ಸಾಧ್ಯವಿರಲಿಲ್ಲ. ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯಿದೆ 1982ರಲ್ಲಿ ಅಂಗೀಕಾರಗೊಂಡು 1984ರಲ್ಲಿ ಜಾರಿಗೆ ಬಂದಿತು. ಆದರೆ ದೂಧಗಂಗೆಯ ಆಚೆ ಮಹಾರಾಷ್ಟ್ರವು ತನ್ನದೇ ಹೊಸ ಕಾಯಿದೆ ಮಾಡಿದ್ದು 2005ರಲ್ಲಿ. ಸುಮಾರು ಎರಡು ದಶಕಗಳ ಕಾಲ ನದಿಯ ಈಚೆ ಹೊಸ ಕಾಯಿದೆ, ಆಚೆ 1934ರ ಹಳೆಯ ಕಾಯಿದೆ ಎಂಬ ಸ್ಥಿತಿ ಇತ್ತು. ಈ ಅವಧಿಯಲ್ಲಿಯೇ ಮುತ್ತು ಕಟ್ಟುವ ಆಚರಣೆ ಗುಡ್ಡದ ಬಯಲಿನಿಂದ ಮನೆಯ ಒಳಕೋಣೆಗೆ, ಊರ ಹೊರಗಿನ ಚಿಕ್ಕ ಗುಡಿಗೆ, ಕೆಲವೊಮ್ಮೆ ಗಡಿಯಾಚೆಯ ಬೀಗರ ಊರಿಗೆ ಸರಿಯಿತು. ಆಚರಣೆ ಗುಪ್ತವಾದಾಗ ಅದನ್ನು ಗುರುತಿಸುವ ಕೆಲಸವೂ ಕಠಿಣವಾಗುತ್ತದೆ.

ಹೆಸರಿನ ತೊಡಕು

ಕ್ಷೇತ್ರಕಾರ್ಯಕ್ಕೆ ಮೊದಲು ಇಳಿಯುವವರು ಎಡವುವುದು ಒಂದು ಪದದಲ್ಲಿ. 'ನೀವು ದೇವದಾಸಿಯೇ?' ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ 'ಅಲ್ಲ' ಎಂದೇ. ಇದನ್ನು ಸುಳ್ಳೆನ್ನಲಾಗದು. ದೇವದಾಸಿ ಎಂಬುದು ಪುಸ್ತಕದ, ಕಾಯಿದೆಯ, ಪತ್ರಿಕೆಯ ಪದ. ಊರಿನ ಮಾತಿನಲ್ಲಿ ಅವಳು ಜೋಗತಿ. ಇಲ್ಲವೇ 'ಮುತ್ತ ಕಟ್ಟಿಸಿಕೊಂಡಾಕಿ', 'ಎಲ್ಲವ್ವಗ ಬಿಟ್ಟಾಕಿ'. ಮರಾಠಿ ಮನೆಮಾತಿನವರಲ್ಲಿ ಜೋಗತೀಣ, ದೇವಾಲಾ ಸೋಡ್ಲೇಲಿ. ಬಳ್ಳಾರಿ ಸೀಮೆಗೆ ಹೋದರೆ ಬಸವಿ. ಈ ಹೆಸರುಗಳು ಸಮಾನಾರ್ಥಕಗಳೂ ಅಲ್ಲ. ಹರಕೆಗಾಗಿ ವರ್ಷಕ್ಕೊಮ್ಮೆ ಐದು ಮನೆ ಜೋಗ ಬೇಡಿ ಪಡಲಗಿ ತುಂಬಿಸುವ ಗೃಹಿಣಿಯನ್ನೂ ಜನ ಜೋಗತಿ ಎನ್ನಬಹುದು, ಅವಳು ಸಮರ್ಪಿತಳಲ್ಲ. ಗಂಡಾಗಿ ಹುಟ್ಟಿ ದೇವಿಯ ಸೀರೆ ಉಟ್ಟ ಜೋಗಪ್ಪ ಸಮರ್ಪಿತನೇ ಹೌದು. ಆದರೆ ಕಾಯಿದೆಯು 'ಹೆಣ್ಣು' ಎಂಬ ಪದವನ್ನು ಮಾತ್ರ ಬಲ್ಲುದು. ಇನ್ನು ತಲೆಯಲ್ಲಿ ಜಡೆ ಗಂಟುಕಟ್ಟಿದ್ದರಿಂದಲೇ ದೇವಿ ಕರೆದಳೆಂದು ನಂಬಿ ಮುತ್ತು ಕಟ್ಟಿಸಿಕೊಂಡವರು, ಗಂಡು ಸಂತಾನವಿಲ್ಲದ ಮನೆಯಲ್ಲಿ ಮುಪ್ಪಿನ ತಂದೆತಾಯಿಗೆ ಆಸರೆಯಾಗಲೆಂದು ಬಿಡಲ್ಪಟ್ಟವರು, ಅವ್ವ ಜೋಗತಿಯಾದ್ದರಿಂದ ಮಗಳೂ ಆದವರು ಹೀಗೆ ದಾರಿಗಳು ಹಲವು. ಬಹುಪಾಲು ಮಾದರ, ಹೊಲೆಯ, ಮಹಾರ, ಮಾಂಗ ಮೊದಲಾದ ಪರಿಶಿಷ್ಟ ಜಾತಿಗಳ ಹೆಣ್ಣುಮಕ್ಕಳೇ ಈ ದಾರಿಗಳಲ್ಲಿ ನಡೆದರೆಂಬುದರಲ್ಲಿ ಮಾತ್ರ ಭೇದವಿಲ್ಲ.

ಈ ಪದಗಳ ಗೊಂದಲವು ಅಂಕಿಗಳಲ್ಲಿಯೂ ಇಳಿದಿದೆ. 1993–94ರಲ್ಲಿ ರಾಜ್ಯ ಸರಕಾರ ನಡೆಸಿದ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಗುರುತಿಸಲ್ಪಟ್ಟರು. 2007–08ರ ಎರಡನೆಯ ಸಮೀಕ್ಷೆಯಲ್ಲಿ ಇನ್ನೂ 23,787 ಹೆಸರುಗಳು ಸೇರಿ ಒಟ್ಟು 46,660 ಆಯಿತು. ಹದಿನಾಲ್ಕು ವರ್ಷಗಳಲ್ಲಿ ಪದ್ಧತಿ ಇಮ್ಮಡಿಯಾಯಿತೆಂದು ಇದನ್ನು ಓದುವುದು ಅವಸರದ ಓದು. ಮೊದಲ ಸಮೀಕ್ಷೆಯ ಹೊತ್ತಿಗೆ ಹೆಸರು ಹೇಳಲು ಅಂಜಿದವರು, ಆಗ ಮುಂಬಯಿ, ಪುಣೆ, ಸಾಂಗಲಿಗಳಲ್ಲಿದ್ದವರು, ಪ್ರಶ್ನೆಯೇ ಅರ್ಥವಾಗದೆ 'ಅಲ್ಲ' ಎಂದವರು ಎರಡನೆಯದರಲ್ಲಿ ಮುಂದೆ ಬಂದಿರುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ನಡುವಿನ ವರ್ಷಗಳಲ್ಲಿ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ, ಮನೆ, ಮಾಸಾಶನ ದೊರೆಯುತ್ತದೆ ಎಂಬ ತಿಳಿವಳಿಕೆಯೂ ಹಬ್ಬಿತ್ತು.

ಪಟ್ಟಿಯು ಈ ಕ್ಷೇತ್ರದಲ್ಲಿ ಸಮಾಜಕಾರ್ಯದ ಸ್ವರೂಪವನ್ನೇ ಬದಲಿಸಿತು. ಪಟ್ಟಿಗೆ ಸೇರಿದವಳು ಫಲಾನುಭವಿ, ಸೇರದವಳು ಯಾರೂ ಅಲ್ಲ. ಹಾಗಾಗಿ ಕಾರ್ಯಕರ್ತೆಯು ಸಂಘಟಕಿಯಾಗುವುದಕ್ಕಿಂತ ಸಾಕ್ಷಿಯಾಗಬೇಕಾಯಿತು: ಇವಳು ನಿಜವಾಗಿ ಸಮರ್ಪಿತಳು, ಇವಳಲ್ಲ ಎಂದು ಹೇಳುವ ಸಾಕ್ಷಿ. ಯಾರ ಕಣ್ಣೀರು ಒರೆಸಲು ಹೋದರೋ ಅವರ ಮಾತಿನ ಸತ್ಯವನ್ನು ಪರೀಕ್ಷಿಸುವವರೂ ತಾವೇ ಆದರು. ಇದಕ್ಕೆ ಕಿರಿಕಿರಿಯ ಇನ್ನೊಂದು ಮಗ್ಗುಲೂ ಇದೆ. ಸಮೀಕ್ಷೆಗಳು ನಡೆದದ್ದು ಹಳೆಯ ತಾಲೂಕುಗಳ ಲೆಕ್ಕದಲ್ಲಿ. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದ ಮೇಲೆ ಕೊಗನೊಳ್ಳಿಯ ಹೆಣ್ಣುಮಗಳ ಹೆಸರು ಚಿಕ್ಕೋಡಿಯ ಹಳೆಯ ಕಡತದಲ್ಲಿ, ಅರ್ಜಿ ನಿಪ್ಪಾಣಿಯ ಹೊಸ ಕಚೇರಿಯಲ್ಲಿ. ಇಂಥಲ್ಲಿ ಕಾರ್ಯಕರ್ತರ ಕೆಲಸದ ದೊಡ್ಡ ಭಾಗ ಬಸ್ಸಿನ ಪಯಣದಲ್ಲಿ, ಕಚೇರಿಯ ಕಟ್ಟೆಯಲ್ಲಿ ಕಳೆಯುತ್ತದೆ. ವೃತ್ತಿಯ ಘನತೆಯ ಬಗೆಗೆ ಬರೆಯುವವರು ಈ ಕಟ್ಟೆಯನ್ನು ಮರೆಯುವುದುಂಟು.

ಮುತ್ತು ಮತ್ತು ಬಳೆ

ಮುತ್ತು ಎಂದರೆ ಕೆಂಪು–ಬಿಳಿ ಮಣಿಗಳ ಸರ. ಕಾಯಿದೆಯ ಕಣ್ಣಿನಲ್ಲಿ ಅದು ಅಪರಾಧದ ಸಾಕ್ಷ್ಯ. ಧರಿಸಿದವಳ ತಿಳಿವಳಿಕೆಯಲ್ಲಿ ಅದು ತಾಳಿಗೆ ಸಮನಾದ ಬಂಧ, ದೇವಿಗೆ ಸಂದಾಯವಾಗಬೇಕಾದ ಋಣ. ಮುತ್ತು ತೆಗೆದರೆ 'ಎಲ್ಲವ್ವ ಕಾಡತಾಳ' ಎಂಬ ಅಂಜಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಅಂಜಿಕೆ ನಿಂತಿರುವುದು ಒಂದು ಸಮಗ್ರ ಕಥನದ ಮೇಲೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು ಜಮದಗ್ನಿಯ ಮರಣಕ್ಕೆ ಎಲ್ಲಮ್ಮ ವಿಧವೆಯಾಗುತ್ತಾಳೆ. ಅವಳೊಂದಿಗೆ ಜೋಗತಿಯರೂ ಬಳೆ ಒಡೆದುಕೊಳ್ಳುತ್ತಾರೆ. ಜನರ ಮಾತಿನಲ್ಲಿ ಅದು ರಂಡಿ ಹುಣ್ಣಿಮೆ. ಮಾಘದ ಭಾರತ ಹುಣ್ಣಿಮೆಯಂದು ಆಕೆ ಮತ್ತೆ ಮುತ್ತೈದೆಯಾಗುತ್ತಾಳೆ. ಇವರೂ ಹೊಸ ಬಳೆ ಇಡುತ್ತಾರೆ. ಅದು ಮುತ್ತೈದೆ ಹುಣ್ಣಿಮೆ. ಮನುಷ್ಯ ಗಂಡನಿಲ್ಲದವಳಿಗೆ ವೈಧವ್ಯವೂ ಮುತ್ತೈದೆತನವೂ ಪ್ರತಿವರ್ಷ ದೇವಿಯ ಮೂಲಕ ಒದಗುವ ಈ ಚಕ್ರದಿಂದ ಒಬ್ಬ ಹೆಣ್ಣನ್ನು ಹೊರಗೆ ಕರೆಯುವಾಗ ಅದರ ಬದಲಿಗೆ ಏನನ್ನು ಕೊಡಲಾಗುತ್ತಿದೆ ಎಂಬ ಪ್ರಶ್ನೆಗೆ ಪುನರ್ವಸತಿ ಯೋಜನೆಗಳ ಉತ್ತರ ಬಹುಕಾಲ ಹೊಲಿಗೆ ಯಂತ್ರ ಮತ್ತು ಎಮ್ಮೆ ಸಾಲವಾಗಿತ್ತು. ಎರಡೂ ಬೇಕಾದವೇ. ಆದರೆ ಪ್ರಶ್ನೆ ಅದಾಗಿರಲಿಲ್ಲ.

ನಂಬಿಕೆಯ ಲೋಕವನ್ನು ಎದುರುಬದುರು ನಿಂತು ಖಂಡಿಸಿದರೆ ಏನಾಗಬಹುದೆಂಬುದಕ್ಕೆ ಇದೇ ದೇವಿಯ ಇನ್ನೊಂದು ನೆಲೆಯ ಘಟನೆಯನ್ನು ನೆನೆಯಬಹುದು. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ 1986ರ ಮಾರ್ಚ್‌ನಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಭಕ್ತರ ಗುಂಪು ಎರಗಿತು. ಆ ಸೇವೆ ಆನಂತರ ನಿಷೇಧಕ್ಕೊಳಗಾಯಿತು, ನಿಷೇಧ ಆಗಲೇಬೇಕಿತ್ತು. ಆದರೆ ಜಾತ್ರೆಯ ದಿನ ತಡೆಯುವುದಕ್ಕೂ, ಜಾತ್ರೆಗೆ ಮುಂಚಿನ ಹನ್ನೊಂದು ತಿಂಗಳು ಊರೂರಿನಲ್ಲಿ ಕುಳಿತು ಮಾತನಾಡುವುದಕ್ಕೂ ಇರುವ ಅಂತರವನ್ನು ಸಮಾಜಕಾರ್ಯ ಆ ಘಟನೆಯಿಂದ ಕಲಿಯಬೇಕಾಯಿತು. ಬೆಳಗಾವಿ ಸೀಮೆಯ ಕೆಲಸ ಬಹುಮಟ್ಟಿಗೆ ಈ ಎರಡನೆಯ ರೀತಿಯದು. ಜಡೆಯ ವಿಚಾರದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕೂದಲು ಗಂಟುಕಟ್ಟುವುದಕ್ಕೆ ಬಾಚದಿರುವುದು, ತೊಳೆಯದಿರುವುದು, ಭಂಡಾರ–ಎಣ್ಣೆಗಳ ಲೇಪ ಇವೇ ಕಾರಣವೆಂದು ವಿವರಿಸುವುದು ಒಂದು ಹಂತ. ಕತ್ತರಿ ಹಿಡಿಯುವುದು ಕೊನೆಯ ಹಂತ. ನಡುವೆ ಅತ್ತೆ, ಗಂಡ, ಓಣಿಯ ಹಿರಿಯ ಜೋಗತಿ ಇವರೆಲ್ಲರ ಒಪ್ಪಿಗೆ ಬೇಕು. ಹಿರಿಯ ಜೋಗತಿಯೇ 'ಹರಕಿ ತೀರಿತು, ಇನ್ನ ತೆಗಿರಿ' ಎಂದರೆ ಅರ್ಧ ಕೆಲಸ ಮುಗಿದಂತೆ. ಋಣವನ್ನು ತೀರಿಸಬಹುದು ಎಂಬ ಅವಕಾಶ ನಂಬಿಕೆಯ ಒಳಗೇ ಇದೆ. ಅದನ್ನು ಹುಡುಕಿ ತೆಗೆಯುವುದು ಕಾರ್ಯಕರ್ತರ ಕೌಶಲ. ಇದರಿಂದ ನಂಬಿಕೆಯೇ ಬಲಗೊಳ್ಳುವುದಿಲ್ಲವೇ ಎಂಬ ವಿಚಾರವಾದಿಗಳ ಆಕ್ಷೇಪಣೆ ಹಗುರವಾದದ್ದೇನೂ ಅಲ್ಲ. ಆದರೆ ಹದಿನಾಲ್ಕರ ಹುಡುಗಿಯೊಬ್ಬಳ ಮುತ್ತು ಮುಂದಿನ ಹುಣ್ಣಿಮೆಗೆ ಗೊತ್ತಾಗಿರುವಾಗ ವಾದದ ಇತ್ಯರ್ಥಕ್ಕೆ ಕಾಯಲು ಬರುವುದಿಲ್ಲ.

ಅಂಥ ಹುಡುಗಿಯ ಪ್ರಸಂಗದಲ್ಲಿಯೇ ವೃತ್ತಿಯ ಅತಿ ಕಠಿಣ ಇಕ್ಕಟ್ಟು ಎದುರಾಗುತ್ತದೆ. 1982ರ ಕಾಯಿದೆಯಂತೆ ಸಮರ್ಪಣೆ ಮಾಡಿದವರಿಗೆ, ಭಾಗವಹಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ. ಮಾಡಿದವರು ತಂದೆತಾಯಿ, ಪೋಷಕರು ಅಥವಾ ಸಂಬಂಧಿಕರಾದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷಗಳವರೆಗೆ ಸೆರೆ, ಐದು ಸಾವಿರದವರೆಗೆ ದಂಡ. ಮನೆಯವರೇ ಮುಖ್ಯ ಅಪರಾಧಿಗಳೆಂಬ ಅರಿವು ಈ ಏರಿಕೆಯ ಹಿಂದೆ ಇದೆ. ಪರಿಣಾಮದಲ್ಲಿ ಮಾತ್ರ ಅದು ಹುಡುಗಿಯ ಬಾಯನ್ನೇ ಕಟ್ಟುತ್ತದೆ. ಅವಳು ದೂರು ಕೊಟ್ಟರೆ ಸೆರೆಮನೆಗೆ ಹೋಗುವವಳು ಅವಳ ಅವ್ವ. 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆ ಬಂದ ಮೇಲೆ ಮಗುವಿನ ಮೇಲಿನ ಅಪರಾಧ ತಿಳಿದವರು ವರದಿ ಮಾಡದಿರುವುದೂ ಶಿಕ್ಷಾರ್ಹವಾಯಿತು. ಗೋಪ್ಯತೆಯನ್ನು ಕಾಪಾಡಬೇಕೆಂಬ ವೃತ್ತಿಧರ್ಮ ಒಂದು ಕಡೆ, ತಿಳಿಸಲೇಬೇಕೆಂಬ ಶಾಸನ ಇನ್ನೊಂದು ಕಡೆ. ಹುಡುಗಿ ಅಪ್ರಾಪ್ತಳಾಗಿದ್ದರೆ ಎರಡನೆಯದೇ ಮೇಲು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ದೂರಿನ ಮರುದಿನದಿಂದ ಆ ಓಣಿಯಲ್ಲಿ ಕಾರ್ಯಕರ್ತೆಗೆ ನೀರು ಕೊಡುವವರಿರುವುದಿಲ್ಲ. ಉಳಿದ ಮನೆಗಳಲ್ಲಿರುವ ಇನ್ನಿತರ ಹುಡುಗಿಯರ ಸುದ್ದಿಯೂ ಅವಳಿಗೆ ತಲುಪುವುದು ನಿಲ್ಲುತ್ತದೆ. ಹೀಗಾಗಿ ಅನುಭವಿಗಳಾದವರು ಸಮರ್ಪಣೆಯ ಸಿದ್ಧತೆ ಕಿವಿಗೆ ಬಿದ್ದ ಕೂಡಲೇ, ಅಪರಾಧ ನಡೆಯುವ ಮುನ್ನವೇ, ಮನೆಗೆ ಹೋಗಿ ಕುಳಿತುಕೊಳ್ಳುವುದನ್ನು ರೂಢಿಸಿಕೊಂಡಿದ್ದಾರೆ. ಅಂಗಳದಲ್ಲಿ ಕುಳಿತ ಆ ಹೊತ್ತು ಯಾವ ಪ್ರಗತಿ ವರದಿಯಲ್ಲಿಯೂ ಕಾಣುವುದಿಲ್ಲ. ತಪ್ಪಿದ ಸಮರ್ಪಣೆಗೆ ಅಂಕಿಯಿಲ್ಲ.

ಒಳಗಿನಿಂದ ಬಂದವರು

ಈ ಕುಳಿತುಕೊಳ್ಳುವ ಕೆಲಸವನ್ನು ಯಾರು ಮಾಡಬಲ್ಲರು? ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು 1980ರ ದಶಕದಲ್ಲಿ ಕಟ್ಟಿದ ವಿಮೋಚನಾ ಸಂಘವು ಮಕ್ಕಳಿಂದ ಆರಂಭಿಸುವ ದಾರಿ ಹಿಡಿಯಿತು. ದೇವದಾಸಿಯರ ಮಕ್ಕಳಿಗೆ ವಸತಿ ಶಾಲೆ ತೆರೆದು, ಮುಂದಿನ ತಲೆಮಾರನ್ನೇ ಆ ಪರಿಸರದಿಂದ ಬೇರ್ಪಡಿಸುವುದು ಅದರ ವಿಧಾನ. 1990ರ ದಶಕದಲ್ಲಿ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆಯನ್ನು ಬೆಳಗಾವಿ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆ ಕೈಗೊಂಡಿತು. ಅದರ ಸ್ವಸಹಾಯ ಸಂಘಗಳಿಂದಲೇ 1997ರಲ್ಲಿ ಘಟಪ್ರಭೆಯನ್ನು ಕೇಂದ್ರವಾಗಿಟ್ಟುಕೊಂಡು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಿಯಲ್ಲಿ 'ಮಾಸ್', ಹುಟ್ಟಿತು. ಅದರ ಸದಸ್ಯರೂ ಆಡಳಿತ ನಡೆಸುವವರೂ ಮಾಜಿ ದೇವದಾಸಿಯರೇ. ಚಿಕ್ಕೋಡಿ ತಾಲೂಕಿನ ಕಬ್ಬೂರಿನವರಾದ, ಏಳನೆಯ ವಯಸ್ಸಿನಲ್ಲಿ ಸಮರ್ಪಿತರಾಗಿದ್ದ ಸೀತವ್ವ ಜೋಡಟ್ಟಿ ಅದರ ಮುಖ್ಯ ಕಾರ್ಯನಿರ್ವಾಹಕರಾಗಿ ಬೆಳೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಇಲ್ಲಿ ವೃತ್ತಿಯ ವ್ಯಾಖ್ಯಾನವೇ ಪ್ರಶ್ನೆಗೊಳಗಾಗುತ್ತದೆ. ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ ಎಂದು ಎರಡು ವರ್ಷ ಓದಿ ಸ್ನಾತಕೋತ್ತರ ಪದವಿ ಪಡೆದು ಬಂದವರಿಗೆ ಒಂದು ಓಣಿಯ ವಿಶ್ವಾಸ ಗಳಿಸಲು ವರ್ಷವೇ ಬೇಕಾದೀತು. ಮುತ್ತು ಕಟ್ಟಿಸಿಕೊಂಡು ಅದನ್ನು ತೆಗೆದವಳು 'ನಾನೂ ತೆಗೆದೆ, ಎಲ್ಲವ್ವ ನನಗ ಏನೂ ಮಾಡಿಲ್ಲ' ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಅದಕ್ಕೆ ಸಮನಾದ ತರಬೇತಿ ಯಾವ ವಿದ್ಯಾಲಯದಲ್ಲಿಯೂ ಇಲ್ಲ. ಹಾಗೆಂದು ಪದವೀಧರರು ನಿರುಪಯೋಗಿಗಳೆನ್ನುವುದು ತಪ್ಪಾಗುತ್ತದೆ. ಯೋಜನೆಯ ಲೆಕ್ಕ, ನ್ಯಾಯಾಲಯದ ದಾಖಲೆ, ಬ್ಯಾಂಕಿನ ವ್ಯವಹಾರ, ಆಪ್ತಸಮಾಲೋಚನೆಯ ಶಿಸ್ತು ಇವುಗಳಲ್ಲಿ ಅವರ ನೆರವಿಲ್ಲದೆ ಇಂಥ ಸಂಸ್ಥೆಗಳು ನಿಲ್ಲುತ್ತಿರಲಿಲ್ಲ. ಪ್ರಶ್ನೆ ಇರುವುದು ಮೇಲುಕೀಳಿನದು. ಒಬ್ಬರಿಗೆ 'ವೃತ್ತಿಪರ' ಎಂಬ ಹೆಸರು, ಇನ್ನೊಬ್ಬರಿಗೆ 'ಗೌರವಧನ'. ವೈದ್ಯರಿಗೆ, ವಕೀಲರಿಗೆ ಇರುವಂತೆ ಸಮಾಜಕಾರ್ಯಕ್ಕೆ ಒಟ್ಟಾರೆಯಾದ ಶಾಸನಬದ್ಧ ಮಂಡಳಿಯೂ ನಮ್ಮ ದೇಶದಲ್ಲಿ ರೂಪುಗೊಂಡಿಲ್ಲ. ಇಂಥ ಮಂಡಳಿಯೊಂದು ಬಂದು ಪದವಿಯನ್ನೇ ಏಕೈಕ ಅರ್ಹತೆ ಮಾಡಿದರೆ ಘಟಪ್ರಭೆಯ ಕಾರ್ಯಕರ್ತೆಯರು ತಮ್ಮದೇ ಕ್ಷೇತ್ರದಲ್ಲಿ ಅನರ್ಹರಾಗಬೇಕಾದೀತು.

ನದಿಯಾಚೆಗಿನ ಇನ್ನೊಂದು ದೃಷ್ಟಿ

ಸಾಂಗಲಿಯಲ್ಲಿ 1992ರಲ್ಲಿ ಆರಂಭವಾದ ಸಂಗ್ರಾಮ್ ಸಂಸ್ಥೆ, 1996ರಲ್ಲಿ ಅದರ ಆಶ್ರಯದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ಕಟ್ಟಿಕೊಂಡ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಇವುಗಳ ಕೆಲಸ ಗಡಿಯ ಈಚೆಗೂ ಹಬ್ಬಿದೆ. ಅವರ ನಿಲುವು ಪುನರ್ವಸತಿಯ ನಿಲುವಿಗೆ ನೇರ ವಿರುದ್ಧವಾದುದು. ವಯಸ್ಕ ಹೆಣ್ಣು ತನ್ನ ಜೀವನೋಪಾಯದ ಬಗೆಗೆ ತಾನೇ ನಿರ್ಧರಿಸಬೇಕು, ಅವಳಿಗೆ ಬೇಕಾದದ್ದು ಉದ್ಧಾರವಲ್ಲ, ಹಕ್ಕು ಎಂಬುದು ಅದರ ತಿರುಳು. ಮಾಸ್‌ನ ಕಾರ್ಯಕರ್ತೆಗೆ ದೇವದಾಸಿ ಪದ್ಧತಿ ಜಾತಿಯ ಶ್ರೇಣಿ ಹೆಣ್ಣಿನ ದೇಹದ ಮೇಲೆ ಬರೆದ ಬರಹ; ಅದನ್ನು ಅಳಿಸಬೇಕು. ಪರಿಷತ್ತಿನ ಕಾರ್ಯಕರ್ತೆಗೆ ಆಗಲೇ ಆ ಬದುಕಿನಲ್ಲಿರುವವಳ ಇಂದಿನ ಘನತೆ ಮುಖ್ಯ. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಲೈಂಗಿಕ ವೃತ್ತಿಯವರ ಘನತೆಯ ಕುರಿತು ಕೊಟ್ಟ ನಿರ್ದೇಶನಗಳು ಎರಡನೆಯ ವಾದಕ್ಕೆ ಬಲ ತಂದವು. ಸಮರ್ಪಣೆಯಲ್ಲಿ ಮಾತ್ರ ಈ ಎರಡೂ ನಿಲುವುಗಳು ಒಂದಾಗಬೇಕು: ಏಳು ವರ್ಷದ ಮಗು ಯಾವುದನ್ನೂ ಆರಿಸಿಕೊಳ್ಳುವುದಿಲ್ಲ. ಭಿನ್ನಾಭಿಪ್ರಾಯ ಇರುವುದು ಆ ಮಗು ನಲವತ್ತರ ಹೆಣ್ಣಾದಾಗಿನ ಬದುಕಿನ ಬಗೆಗೆ. ಕೊಗನೊಳ್ಳಿಯಂಥ ಊರಿನಲ್ಲಿ ಒಂದೇ ಮನೆಗೆ ಈ ಎರಡೂ ಕಡೆಯವರು ಬಂದು ಹೋಗಬಹುದು. ಆಕೆ ಇಬ್ಬರಿಗೂ ಚಹಾ ಕೊಟ್ಟು ಇಬ್ಬರ ಮಾತಿಗೂ ತಲೆದೂಗಿದರೆ ಅದನ್ನು ಚಂಚಲತೆ ಎನ್ನಬಾರದು; ಎರಡೂ ಅವಳ ಬಾಳಿನ ಭಾಗಗಳೇ.

ಎಚ್.ಐ.ವಿ. ಹರಡಿದ ವರ್ಷಗಳಲ್ಲಿ ಈ ಸಂಗತಿ ಇನ್ನಷ್ಟು ತೊಡಕಾಯಿತು. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಬೆಳಗಾವಿಯನ್ನೂ ಒಳಗೊಂಡ ಜಿಲ್ಲೆಗಳಲ್ಲಿ ಕೈಗೊಂಡ ತಡೆ ಕಾರ್ಯಕ್ರಮ ನಿಂತದ್ದು ಸಹವರ್ತಿ ಶಿಕ್ಷಕಿಯರ ಮೇಲೆ. ಆರೋಗ್ಯ ಯೋಜನೆ ಅದೇ ಹೆಣ್ಣನ್ನು ಇನ್ನೊಂದು ಹೆಸರಿನಲ್ಲಿ ಇನ್ನೊಂದು ಪಟ್ಟಿಗೆ ಸೇರಿಸಿಕೊಂಡಿತು. ನಿಪ್ಪಾಣಿಯಲ್ಲಿಯಾದರೆ ಮೂರನೆಯ ಪಟ್ಟಿಯೂ ಉಂಟು. ತಂಬಾಕಿನ ವಖಾರಿಗಳಲ್ಲಿ ದುಡಿದ, ಮನೆಯಲ್ಲಿ ಬೀಡಿ ಕಟ್ಟಿದ ಹೆಂಗಸರ ಊರದು. ವಖಾರಿಯ ಹೆಣ್ಣಾಳುಗಳು ಸಂಘಟಿತರಾಗಿ ಹೋರಾಡಿದ ಕಥೆಯನ್ನು ಯುಗಾಂತರ ಎಂಬ ಮಹಿಳಾ ಚಿತ್ರ ತಂಡವು 1982ರ ತನ್ನ ಮರಾಠಿ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದೆ. ಮಹಿಳಾ ನಿಗಮಕ್ಕೆ ಮಾಜಿ ದೇವದಾಸಿ, ಆರೋಗ್ಯ ಯೋಜನೆಗೆ ಅಪಾಯದಂಚಿನ ಮಹಿಳೆ, ಕಾರ್ಮಿಕ ಇಲಾಖೆಗೆ ಬೀಡಿ ಕಾರ್ಮಿಕಳು. ಮೂರು ಗುರುತಿನ ಚೀಟಿಗಳನ್ನು ಒಂದೇ ಡಬ್ಬಿಯಲ್ಲಿ ಇಟ್ಟುಕೊಳ್ಳುವ ಹೆಣ್ಣಿಗೆ ತಾನು ಒಬ್ಬಳೇ ಎಂಬುದು ಗೊತ್ತು. ಯಾವ ಸಭೆಗೆ ಯಾವ ಚೀಟಿ ತರಬೇಕೆಂದು ನೆನಪಿಸುವವಳು ಕಾರ್ಯಕರ್ತೆ.

ಮಕ್ಕಳ ವಿಷಯ ಬಂದಾಗ ಚೀಟಿಯ ಸಂಗತಿ ಹಗುರವಾಗಿ ಉಳಿಯುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಕಲಮು ಖಾಲಿ ಬಿಟ್ಟ ದಿನದಿಂದ ಆ ಖಾಲಿ ಜಾಗ ಮಗುವನ್ನು ಹಿಂಬಾಲಿಸುತ್ತದೆ. ಕೆಲವರು ಸೋದರಮಾವನ ಹೆಸರನ್ನು, ಕೆಲವರು ದೇವರ ಹೆಸರನ್ನು ಬರೆಯಿಸಿದರು. ಮುಂದೆ ಜಾತಿ ಪ್ರಮಾಣಪತ್ರಕ್ಕೆ, ವಿದ್ಯಾರ್ಥಿವೇತನಕ್ಕೆ ಅದೇ ಹೆಸರು ತೊಡರಾಯಿತು. 1982ರ ಕಾಯಿದೆ ದೇವದಾಸಿಯ ಮದುವೆಯನ್ನು ಸಿಂಧುವೆಂದು ಘೋಷಿಸಿತು. ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ಹಕ್ಕಿನ ಬಗೆಗೆ ಅದು ಮೌನವಾಗಿತ್ತು. 2025ರಲ್ಲಿ ರಾಜ್ಯ ವಿಧಾನಮಂಡಲದ ಮುಂದೆ ಬಂದ ಹೊಸ ವಿಧೇಯಕವು ಮಕ್ಕಳ ಹಕ್ಕನ್ನೂ ಪುನರ್ವಸತಿಯನ್ನೂ ಒಳಗೊಂಡಿದೆ. ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ತಪ್ಪಿಸುವುದು, ಬಯಸಿದ ಮಗುವಿಗೆ ಪಿತೃತ್ವವನ್ನು ಸ್ಥಾಪಿಸಿಕೊಳ್ಳುವ ದಾರಿ ತೆರೆಯುವುದು ಅದರ ಆಶಯ. ಗೌಡಕಿಯ ಮನೆಯವನೊಬ್ಬನ ಹೆಸರನ್ನು ಊರೆಲ್ಲ ಬಲ್ಲರು, ಕಾಗದ ಮಾತ್ರ ಅರಿಯದು. ಅದೇ ಗೌಡನ ಹೊಲದಲ್ಲಿ ಕೂಲಿ ಮಾಡುವ ಅವ್ವನನ್ನು ಈ ಹಕ್ಕು ಚಲಾಯಿಸಲು ಅಣಿಗೊಳಿಸುವ ಕೆಲಸ ಮುಂದಿನ ವರ್ಷಗಳಲ್ಲಿ ಸಮಾಜಕಾರ್ಯದ ಪಾಲಿಗೆ ಬರಲಿದೆ.

ಚೌಡಿಕೆಯ ಪ್ರಶ್ನೆ

ಇನ್ನುಳಿದದ್ದು ಜಾನಪದ ಅಧ್ಯಯನವೇ ಉತ್ತರಿಸಬೇಕಾದ ಮಾತು. ಕಳೆದ ಅರ್ಧ ಶತಮಾನದಲ್ಲಿ ಜಾನಪದ ವಿದ್ವಾಂಸರು ಚೌಡಿಕೆಯ ಪದಗಳನ್ನು ಸಂಗ್ರಹಿಸಿದರು, ಜೋಗತಿಯರ ಕೊಡದ ಕುಣಿತವನ್ನು ವೇದಿಕೆಗೆ ತಂದರು, ಅಕಾಡೆಮಿಗಳು ಪ್ರಶಸ್ತಿ ಕೊಟ್ಟವು. ಸಂಗ್ರಹಗಳ ಮುನ್ನುಡಿಗಳಲ್ಲಿ ಹಾಡಿದವಳ ಊರು, ವಯಸ್ಸು, ಹಾಡಿನ ಧಾಟಿ ಇವು ದೊರೆಯುತ್ತವೆ. ಅವಳಿಗೆ ಯಾವ ವಯಸ್ಸಿನಲ್ಲಿ ಮುತ್ತು ಕಟ್ಟಿದರೆಂಬುದು ದೊರೆಯುವುದು ವಿರಳ. ಒಂದೇ ಸರಕಾರದ ಒಂದು ಕೈ ಜೋಗತಿಯನ್ನು ಕಲಾವಿದೆಯೆಂದು ಸನ್ಮಾನಿಸಿದರೆ ಇನ್ನೊಂದು ಕೈ ಅವಳನ್ನು ಜೋಗದಿಂದ ಬಿಡಿಸಲು ಹಣ ವಿನಿಯೋಗಿಸಿತು. 2018ರಲ್ಲಿ ಸೀತವ್ವ ಜೋಡಟ್ಟಿಯವರಿಗೆ ಆ ಪರಂಪರೆಯಿಂದ ಹೆಣ್ಣುಮಕ್ಕಳನ್ನು ಹೊರತಂದುದಕ್ಕಾಗಿ ಪದ್ಮಶ್ರೀ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಜೋಗತಿ ಕಲೆಯನ್ನು ಬೆಳೆಸಿದುದಕ್ಕಾಗಿ ಪದ್ಮಶ್ರೀ. ಎರಡೂ ಯೋಗ್ಯವಾದ ಗೌರವಗಳೇ. ಊರುಮನೆಗಳಿಂದ ಹೊರದೂಡಲ್ಪಟ್ಟ ತೃತೀಯಲಿಂಗಿಗಳಿಗೆ ಎಲ್ಲಮ್ಮನ ಮಡಿಲೊಂದೇ ಆಸರೆಯಾಗಿದ್ದ ಸಂಗತಿಯನ್ನು ಮರೆತು ಜೋಗತಿ ಪರಂಪರೆಯ ಬಗೆಗೆ ತೀರ್ಪು ಕೊಡುವುದೂ ಸಲ್ಲದು.

ಆದರೂ ಎರಡು ಗೌರವಗಳ ನಡುವಿನ ಈ ಬಿರುಕು ಕ್ಷೇತ್ರದಲ್ಲಿ ಅರ್ಜಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅರವತ್ತು ದಾಟಿದ, ಚೌಡಿಕೆ ಬಲ್ಲ ಹೆಣ್ಣೊಬ್ಬಳಿಗೆ ಎರಡು ಮಾಸಾಶನಗಳ ದಾರಿ ಇದೆ. ಕಲಾವಿದರ ಮಾಸಾಶನದ ಅರ್ಜಿ ಅವಳು ಇಷ್ಟು ವರ್ಷ ಹಾಡುತ್ತ ಬಂದುದಕ್ಕೆ ಪುರಾವೆ ಕೇಳುತ್ತದೆ. ಮಾಜಿ ದೇವದಾಸಿಯರ ಮಾಸಾಶನ 'ಮಾಜಿ' ಎಂಬ ಪದದ ಕೆಳಗೆ ಹೆಬ್ಬೆಟ್ಟು ಕೇಳುತ್ತದೆ. ಮಂಗಳವಾರ, ಶುಕ್ರವಾರ ಜೋಗಕ್ಕೆ ಹೋಗುವುದನ್ನು ಅವಳು ನಿಲ್ಲಿಸಿ ಎಷ್ಟೋ ಕಾಲವಾಗಿರಬಹುದು. ಹಾಡು ನಿಂತಿಲ್ಲ. ಸಮರ್ಪಣೆಯನ್ನು ನಿಷೇಧಿಸಿದ ಕಾಯಿದೆ ಹಾಡನ್ನು ನಿಷೇಧಿಸಿಲ್ಲ. ಮುತ್ತಿಲ್ಲದ ಕೊರಳಿನಿಂದಲೂ ಚೌಡಿಕೆಯ ಪದ ಹೊರಡಬಲ್ಲುದು. ಇದನ್ನು ಕಚೇರಿಯ ಗುಮಾಸ್ತರಿಗೆ ಕನ್ನಡದಲ್ಲಿ, ಆಕೆಗೆ ಅವಳ ಮನೆಮಾತಿನಲ್ಲಿ ವಿವರಿಸಿ, ಯಾವ ಅರ್ಜಿ ತುಂಬಬೇಕೆಂದು ಅವಳೇ ಹೇಳುವವರೆಗೆ ಕಾರ್ಯಕರ್ತೆ ಕಾಯುತ್ತಾಳೆ. ಚೌಡಿಕೆ ಮನೆಯ ಗೂಟಕ್ಕೆ ತೂಗುಹಾಕಿರುತ್ತದೆ.